ಸಾವಿನ ಲೆಕ್ಕ, ಲಕ್ವದ ಲೆಕ್ಕ

ಬೀದಿಯಲ್ಲಿ ಒಬ್ಬರು ತೀರಿಕೊಂಡರೆ ನೆರೆಹೊರೆಯವರು ಮೊದಲು ಕೇಳುವುದು, "ಏನಾಗಿತ್ತಂತೆ?" ಎಂದು. ಮನೆಯವರು ಏನಾದರೊಂದು ಉತ್ತರ ಕೊಡುತ್ತಾರೆ. ಲಕ್ವ ಹೊಡೆದಿತ್ತು, ಎದೆ ನಿಂತುಹೋಯಿತು, ವಯಸ್ಸಾಗಿತ್ತು ಎನ್ನುತ್ತಾರೆ. ಕೇಳಿದವರಿಗೆ ಅಷ್ಟು ಸಾಕು. ಅದೇ ಪ್ರಶ್ನೆಯನ್ನು ಸರಕಾರವೂ ಕೇಳುತ್ತದೆ. ಜನನ-ಮರಣಗಳ ನೋಂದಣಿ ಕಚೇರಿಯಲ್ಲಿ ಸತ್ತವರ ಹೆಸರು, ವಯಸ್ಸು, ಸ್ಥಳಗಳ ಜೊತೆಗೆ ಸಾವಿನ ಕಾರಣಕ್ಕೂ ಒಂದು ಖಾನೆ ಉಂಟು. ನಮ್ಮ ನಾಡಿನಲ್ಲಿ ಲಕ್ವದಿಂದ ಸಾಯುವವರು ಹೆಚ್ಚುತ್ತಿದ್ದಾರೆಯೇ, ಕಡಮೆಯಾಗುತ್ತಿದ್ದಾರೆಯೇ? ಹೃದಯದ ಬಡಿತ ತಪ್ಪಿ ಅದರಿಂದ ಲಕ್ವಕ್ಕೆ ತುತ್ತಾಗುವವರೆಷ್ಟು? ಇಂಥ ಪ್ರಶ್ನೆಗಳಿಗೆ ಉತ್ತರ ಹುಟ್ಟಬೇಕಾದದ್ದು ಆ ಸಣ್ಣ ಖಾನೆಯಿಂದ. ಅದು ಹೇಗೆ ಬಂತು, ಅದರಲ್ಲಿ ಏನನ್ನು ಬರೆದರು, ಏನನ್ನು ಬರೆಯದೆ ಬಿಟ್ಟರು ಎಂಬುದೇ ಒಂದು ಚರಿತ್ರೆ.

ಈ ಚರಿತ್ರೆಯನ್ನು ನೋಡಲು ಬೆಂಗಳೂರಿನ ಪೂರ್ವ ಭಾಗ ಬಹಳ ಅನುಕೂಲವಾದದ್ದು. ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್, ಇಂದು ಸರ್ವಜ್ಞನ ಹೆಸರನ್ನು ಹೊತ್ತ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಹಳೆಯ ಹಳ್ಳಿಗಳು, ಇವೆಲ್ಲ ಹಿಂದಿನವರು ‘ದಂಡು’ ಎಂದು ಕರೆಯುತ್ತಿದ್ದ ಪ್ರದೇಶದ ಒಳಗೋ ಅಂಚಿಗೋ ಇದ್ದವು. 1809ರಲ್ಲಿ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣವನ್ನು ಬಿಟ್ಟು ಇಲ್ಲಿ ಬೀಡುಬಿಟ್ಟಿತು. ಸೈನ್ಯ ಬಂದ ಕಡೆಗೆ ಲೆಕ್ಕವೂ ಬರುತ್ತದೆ. ಎಷ್ಟು ಸಿಪಾಯಿಗಳು ಹಾಜರು, ಎಷ್ಟು ಮಂದಿ ಆಸ್ಪತ್ರೆಯಲ್ಲಿ, ಎಷ್ಟು ಮಂದಿ ಸತ್ತರು ಎಂಬುದನ್ನು ತಿಳಿಯದೆ ಸೇನಾಪತಿ ಮಾರನೆಯ ದಿನದ ಕವಾಯತನ್ನೂ ನಡೆಸಲಾರ. ಹೀಗಾಗಿ ಸಾವಿನ ಕಾರಣವನ್ನು ವರ್ಷವರ್ಷವೂ ಎಣಿಸುವ ಅಭ್ಯಾಸ ಮೊದಲು ಬಂದದ್ದು ಬ್ಯಾರಕ್ಕಿಗೆ. ಪೇಟೆಯ ಬೀದಿಗೆ ಅದು ಬರಲು ಇನ್ನೂ ಬಹುಕಾಲ ಬೇಕಾಯಿತು.

1857ರ ದಂಗೆಯ ತರುವಾಯ ಭಾರತದಲ್ಲಿದ್ದ ಸೈನ್ಯದ ಆರೋಗ್ಯವನ್ನು ವಿಚಾರಿಸಲು ಇಂಗ್ಲೆಂಡಿನಲ್ಲಿ ಒಂದು ರಾಜ ಆಯೋಗ ನೇಮಕವಾಯಿತು. ಅದರ ವರದಿ 1863ರಲ್ಲಿ ಹೊರಬಂತು. ದೇಶದ ನಾನಾ ದಂಡುಗಳಿಂದ ಬಂದ ಉತ್ತರಗಳನ್ನು ಕೂಡಿಸಿ ಕಳೆದು ಅರ್ಥ ಹೇಳಿದವರಲ್ಲಿ ದಾದಿಯರ ಗುರುವೆಂದು ನಾವು ಬಲ್ಲ ಫ್ಲಾರೆನ್ಸ್ ನೈಟಿಂಗೇಲ್ ಮುಖ್ಯರು. ಅಂಕಿಗಳನ್ನು ಚಿತ್ರವಾಗಿ ಬರೆದು ತೋರಿಸುವುದರಲ್ಲಿಯೂ ಆಕೆ ನಿಪುಣೆ. ಭಾರತದಲ್ಲಿದ್ದ ಇಂಗ್ಲಿಷ್ ಸಿಪಾಯಿಗಳಲ್ಲಿ ಸಾವಿರಕ್ಕೆ 69 ಮಂದಿ ವರ್ಷವರ್ಷವೂ ಸಾಯುತ್ತಿದ್ದರೆಂದು ಆ ವರದಿ ತೋರಿಸಿತು. ಅವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ; ಜ್ವರ, ಆಮಶಂಕೆ, ಕಾಲರಾ. ಕಾರಣ ತಿಳಿದ ಮೇಲೆ ಚರಂಡಿ ತೋಡಿದರು, ಬಾವಿ ಶುಚಿ ಮಾಡಿದರು, ಬ್ಯಾರಕ್ಕುಗಳಿಗೆ ಗಾಳಿ ಬೆಳಕು ಬರಿಸಿದರು. ಹತ್ತು ಹನ್ನೆರಡು ವರ್ಷಗಳೊಳಗೆ ಸಾವಿನ ಪ್ರಮಾಣ ಸಾವಿರಕ್ಕೆ ಇಪ್ಪತ್ತರ ಆಸುಪಾಸಿಗೆ ಇಳಿಯಿತು. ಬರೆದಿಟ್ಟ ಲೆಕ್ಕ ಜೀವ ಉಳಿಸಬಲ್ಲದೆಂಬುದಕ್ಕೆ ಇದು ನಮ್ಮ ನೆಲದಲ್ಲಿಯೇ ನಡೆದ ಒಂದು ದೊಡ್ಡ ನಿದರ್ಶನ.

ಆ ಕಾಲದ ಲೆಕ್ಕದಲ್ಲಿ ಲಕ್ವ ಎಲ್ಲಿತ್ತು? ಸೈನ್ಯದ ದಾಖಲೆಗಳಲ್ಲಿಯೂ ಚರ್ಚುಗಳ ಅಂತ್ಯಸಂಸ್ಕಾರದ ಪುಸ್ತಕಗಳಲ್ಲಿಯೂ ‘ಅಪೊಪ್ಲೆಕ್ಸಿ’ ಎಂಬ ಮಾತು ಸಿಗುತ್ತದೆ. ಅದು ಗ್ರೀಕರಿಂದ ಬಂದ ಹಳೆಯ ಹೆಸರು. ನಿಂತವನು ನಿಂತಂತೆಯೇ ಪೆಟ್ಟು ತಿಂದವನಂತೆ ನೆಲಕ್ಕೆ ಬೀಳುವುದು ಎಂದು ಅರ್ಥ. 1658ರಲ್ಲಿಯೇ ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ ಹೀಗೆ ಸತ್ತವರ ದೇಹಗಳನ್ನು ಪರೀಕ್ಷಿಸಿ, ಮೆದುಳಿನೊಳಗೆ ರಕ್ತ ಸುರಿದಿರುವುದನ್ನು ಕಂಡು ಬರೆದಿದ್ದನು. ಆದರೆ ಭಾರತದ ದಂಡಿನಲ್ಲಿ ‘ಹೀಟ್ ಅಪೊಪ್ಲೆಕ್ಸಿ’ ಎಂದರೆ ಬಿಸಿಲ ಝಳಕ್ಕೆ ಸಿಕ್ಕಿ ಪ್ರಜ್ಞೆ ತಪ್ಪಿ ಸಾಯುವುದು. ಎರಡೂ ಬೇರೆಬೇರೆ ರೋಗಗಳು. ಹೆಸರು ಮಾತ್ರ ಒಂದೇ ಬಗೆಯದು. ಬೇಸಗೆಯಲ್ಲಿ ಕವಾಯತು ಮಾಡುತ್ತ ಬಿದ್ದ ಇಪ್ಪತ್ತರ ಹುಡುಗನೂ, ಊಟದ ಮೇಜಿನಲ್ಲಿ ಕುಸಿದ ಅರುವತ್ತರ ಕರ್ನಲನೂ ಒಂದೇ ಹೆಸರಿನಡಿ ಸೇರಿಬಿಡಬಹುದು. ಹಳೆಯ ಪುಸ್ತಕದ ಅಂಕಿಯನ್ನು ಇಂದಿನ ಅಂಕಿಯ ಪಕ್ಕದಲ್ಲಿಟ್ಟು ಹೆಚ್ಚಿತು, ತಗ್ಗಿತು ಎನ್ನುವವರು ಮೊದಲು ಆ ಹೆಸರು ಅಂದು ಏನನ್ನು ಸೂಚಿಸುತ್ತಿತ್ತೆಂದು ಕೇಳಬೇಕು.

ಊರ ಜನರ ಸಾವನ್ನು ಎಣಿಸುವುದು ಇನ್ನೂ ತೊಡಕಿನ ಕೆಲಸವಾಗಿತ್ತು. 1862ರಲ್ಲಿ ಪೇಟೆಗೂ ದಂಡಿಗೂ ಬೇರೆಬೇರೆ ಪುರಸಭೆಗಳಾದವು. ಅದೇ ದಶಕದಲ್ಲಿ ದಂಡಿನವರಿಗಾಗಿ ಬೌರಿಂಗ್ ಆಸ್ಪತ್ರೆ ಎದ್ದಿತು. ಆಗಿನ ಕಮಿಷನರ್ ಲೆವಿನ್ ಬೌರಿಂಗರ ಹೆಸರು ಅದಕ್ಕೆ ಇಂದಿಗೂ ಉಳಿದಿದೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಹಿಂದಿರುಗಿದಾಗ ದಂಡು ಮಾತ್ರ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿ ಉಳಿಯಿತು. ಅದನ್ನು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದರು. ಪೇಟೆಯಲ್ಲಿ ಸತ್ತವನು ಒಂದು ಸರಕಾರದ ಲೆಕ್ಕಕ್ಕೆ, ಅಲ್ಲಿಂದ ಎರಡು ಮೈಲಿ ಆಚೆ ಹಲಸೂರಿನಲ್ಲಿ ಸತ್ತವನು ಇನ್ನೊಂದು ಸರಕಾರದ ಲೆಕ್ಕಕ್ಕೆ ಸೇರಿದನು. 1947ರ ಜುಲೈ ತಿಂಗಳಲ್ಲಿ ದಂಡು ಮೈಸೂರಿಗೆ ಮರಳಿ, 1949ರಲ್ಲಿ ಎರಡೂ ಪುರಸಭೆಗಳು ಕೂಡಿ ಒಂದೇ ನಗರಸಭೆಯಾಗುವವರೆಗೆ ಬೆಂಗಳೂರಿನ ಆಡಳಿತ ಹೀಗೆ ಹರಿದು ಹಂಚಿಹೋಗಿತ್ತು.

ಆ ದಿನಗಳಲ್ಲಿ ಅಧಿಕಾರಿಗಳ ಕಣ್ಣೆಲ್ಲ ಮಹಾಮಾರಿಗಳ ಮೇಲೆ. 1895ರಲ್ಲಿ ದಂಡಿನಲ್ಲಿ ಕಾಲರಾ ಎದ್ದಾಗ ಸಿಕಂದರಾಬಾದಿನಿಂದ ಒಬ್ಬ ವೈದ್ಯರನ್ನು ಕರೆಸಿದರು. ಆತ ರೊನಾಲ್ಡ್ ರಾಸ್. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ಸಂಬಂಧವನ್ನು ಸಾಧಿಸಿ 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು ಇವರೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಸರಕಾರ ಮನೆಮನೆ ತಪಾಸಣೆಗೆ ಇಳಿಯಿತು, ಜನ ಬೆದರಿದರು. ರೋಗವಿದೆಯೆಂದು ಗೊತ್ತಾದರೆ ಮನೆ ಬಿಡಿಸುತ್ತಾರೆ, ಶಿಬಿರಕ್ಕೆ ಸಾಗಿಸುತ್ತಾರೆಂಬ ಭಯದಿಂದ ದೇಶದಾದ್ಯಂತ ಸಾವನ್ನೇ ಮುಚ್ಚಿಟ್ಟವರು ಬಹಳ ಮಂದಿ. ಕಿಕ್ಕಿರಿದ ಕೇರಿಗಳಿಂದ ಜನರನ್ನು ಹೊರತರಲು ಫ್ರೇಜರ್ ಟೌನಿನಂಥ ಬಡಾವಣೆಗಳು ಹುಟ್ಟಿಕೊಂಡದ್ದು ಆ ಬಳಿಕ. ಸಾವಿನ ಕಾರಣವನ್ನು ಹೇಳಿದರೆ ಮನೆಗೆ ಕೇಡು ಎಂಬ ಅಳುಕು ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲದಿದ್ದರೆ, ಅದರ ಒಂದು ಬೇರು ಅಲ್ಲಿದೆ.

ಪ್ಲೇಗು, ಕಾಲರಾ, ಸಿಡುಬುಗಳ ಆ ಕಾಲದಲ್ಲಿ ಲಕ್ವ ಎದ್ದು ಕಾಣದಿದ್ದುದಕ್ಕೆ ಇನ್ನೂ ಒಂದು ಕಾರಣವಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು ಇಪ್ಪತ್ತೈದು ವರ್ಷಗಳನ್ನೂ ಮುಟ್ಟುತ್ತಿರಲಿಲ್ಲ. 1951ರ ಹೊತ್ತಿಗೆ ಅದು ಮೂವತ್ತೆರಡರ ಸಮೀಪಕ್ಕೆ ಬಂತು. 2016ರಿಂದ 2020ರವರೆಗಿನ ಲೆಕ್ಕದಲ್ಲಿ 70ಕ್ಕೆ ಏರಿದೆ. ಲಕ್ವ ಮುಖ್ಯವಾಗಿ ನಡುವಯಸ್ಸು ದಾಟಿದವರ ರೋಗ. ಆ ವಯಸ್ಸನ್ನು ಮುಟ್ಟುವವರೇ ಕಡಮೆಯಿದ್ದಾಗ ಅದರಿಂದ ಸಾಯುವವರೂ ಕಡಮೆ ಕಾಣುತ್ತಾರೆ. ಮಹಾಮಾರಿಗಳಿಂದ ಪಾರಾದ ಜನಾಂಗಕ್ಕೆ ಇದು ಹೊಸ ಸವಾಲು.

ರೋಗಕ್ಕೆ ಈ ಭಾಗದಲ್ಲಿ ಹೆಸರುಗಳಿಗೇನೂ ಬರವಿಲ್ಲ. ಕನ್ನಡದವರು ಲಕ್ವ ಎನ್ನುತ್ತಾರೆ, ಪಾರ್ಶ್ವವಾಯು ಎನ್ನುತ್ತಾರೆ. ಆಯುರ್ವೇದದಲ್ಲಿ ಅದು ಪಕ್ಷಾಘಾತ. ಹಲಸೂರಿನ ತಮಿಳರ ಮನೆಯಲ್ಲಿ ಪಕ್ಕವಾದಂ, ತೆಲುಗರ ಮನೆಯಲ್ಲಿ ಪಕ್ಷವಾತಂ. ಶಿವಾಜಿನಗರದ ಯುನಾನಿ ಹಕೀಮರು ‘ಲಖ್ವಾ’ ಎಂದರೆ ಮುಖದ ಒಂದು ಬದಿ ಸೊಟ್ಟಗಾಗುವುದೆಂದೂ, ‘ಫಾಲಿಜ್’ ಎಂದರೆ ಅರ್ಧ ಶರೀರವೇ ಸ್ವಾಧೀನ ತಪ್ಪುವುದೆಂದೂ ಬೇರ್ಪಡಿಸಿ ಹೇಳುತ್ತಾರೆ. ಕನ್ನಡ ಆ ಎರಡನ್ನೂ ಒಂದೇ ಮಾತಿನಲ್ಲಿ ಕೂಡಿಸಿಕೊಂಡಿತು. ಹೆಸರು ಯಾವುದೇ ಇರಲಿ, ಒಳಗೆ ನಡೆಯುವುದು ಎರಡು ಬಗೆ. ಒಂದೋ ಮೆದುಳಿನ ರಕ್ತನಾಳ ಒಡೆದು ರಕ್ತ ಸುರಿಯುತ್ತದೆ, ಇಲ್ಲವೇ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಅದರ ಮುಂದಿನ ಭಾಗ ರಕ್ತವಿಲ್ಲದೆ ಬಾಡುತ್ತದೆ. ಎರಡಕ್ಕೂ ದೊಡ್ಡ ಕಾರಣ ಏರಿದ ರಕ್ತದೊತ್ತಡ. ಅದನ್ನು ಅಳೆಯುವ ತೋಳುಪಟ್ಟಿಯ ಉಪಕರಣವನ್ನು ಇಟಲಿಯ ರೀವಾ ರೋಚಿ 1896ರಲ್ಲಿ ತಂದರು. ಕೊಳವೆಯಿಟ್ಟು ಕಿವಿಯಿಂದ ಕೇಳಿ ಎರಡು ಅಂಕಿಗಳನ್ನು ಹಿಡಿಯುವ ವಿಧಾನವನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿ ತೋರಿಸಿದರು.

ಇಷ್ಟೊಂದು ಹೆಸರುಗಳನ್ನು ಜಗತ್ತಿಗೆಲ್ಲ ಒಂದೇ ಪಟ್ಟಿಗೆ ತರದೆ ದೇಶದೇಶಗಳ ಲೆಕ್ಕವನ್ನು ಹೋಲಿಸುವುದು ಸಾಧ್ಯವಿಲ್ಲ. ಅಂಥ ಪಟ್ಟಿಯೊಂದನ್ನು ಫ್ರಾನ್ಸಿನ ಜಾಕ್ ಬೆರ್ಟಿಯಾನ್ 1893ರಲ್ಲಿ ಮುಂದಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಅದರ ಆರನೆಯ ಪರಿಷ್ಕರಣದ ಹೊಣೆ ಹೊತ್ತಿತು. ಆ ಪಟ್ಟಿಯೊಳಗೆ ಲಕ್ವದ ಪ್ರವಾಸವೇ ಒಂದು ಸ್ವಾರಸ್ಯ. ಮೊದಲು ಅದನ್ನು ನರಮಂಡಲದ ರೋಗಗಳ ಅಧ್ಯಾಯದಲ್ಲಿ ಇಟ್ಟಿದ್ದರು. 1960ರ ದಶಕದ ಎಂಟನೆಯ ಪರಿಷ್ಕರಣದಲ್ಲಿ ರಕ್ತಪರಿಚಲನೆಯ ರೋಗಗಳ ಅಧ್ಯಾಯಕ್ಕೆ ಸಾಗಿಸಿದರು. 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣದಲ್ಲಿ ಮತ್ತೆ ನರಮಂಡಲಕ್ಕೇ ಕರೆತಂದರು. ಹೃದಯ ಮತ್ತು ರಕ್ತನಾಳಗಳ ರೋಗದಿಂದ ಇಷ್ಟು ಸಾವು ಎಂಬ ಅಂಕಿ ಮುಂದೊಂದು ವರ್ಷ ತಟ್ಟನೆ ಇಳಿದರೆ, ಅದು ಆರೋಗ್ಯ ಸುಧಾರಿಸಿದ್ದರಿಂದಲೋ ಲಕ್ವ ಮನೆ ಬದಲಾಯಿಸಿದ್ದರಿಂದಲೋ ಎಂದು ನೋಡಬೇಕಾಗುತ್ತದೆ.

ಇನ್ನು ಹೃದಯದ ಮಾತು. ಹೃದಯಕ್ಕೆ ನಾಲ್ಕು ಕೋಣೆಗಳು. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಆರೋಗ್ಯವಂತರಲ್ಲಿ ಮೇಲಿನವು ಮೊದಲು, ಕೆಳಗಿನವು ಆಮೇಲೆ, ತಾಳ ತಪ್ಪದೆ ಕುಗ್ಗುತ್ತವೆ. ಕೆಲವರಲ್ಲಿ ಹೃತ್ಕರ್ಣ ಸರಿಯಾಗಿ ಕುಗ್ಗದೆ ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿರುತ್ತದೆ. ಇದಕ್ಕೆ ವೈದ್ಯರು ‘ಏಟ್ರಿಯಲ್ ಫಿಬ್ರಿಲೇಶನ್’ ಎನ್ನುತ್ತಾರೆ. ನಾವು ಹೃತ್ಕರ್ಣದ ಕಂಪನ ಎನ್ನೋಣ. ಅದುರುವ ಕೋಣೆಯಲ್ಲಿ ರಕ್ತ ಹರಿಯದೆ ಮಡುಗಟ್ಟುತ್ತದೆ. ಮಡುಗಟ್ಟಿದ ರಕ್ತ ಹೆಪ್ಪಾಗುತ್ತದೆ. ಆ ಹೆಪ್ಪಿನ ಚೂರೊಂದು ಹೊರಟು ಮೆದುಳಿನ ನಾಳಕ್ಕೆ ಸೇರಿತೆಂದರೆ ಲಕ್ವ. ಹಾನಿ ಕಂಡದ್ದು ಮೆದುಳಿನಲ್ಲಿ, ಅದರ ಮೂಲ ಎದೆಯಲ್ಲಿ.

ನಾಡಿ ಹಿಡಿದು ನೋಡುತ್ತಿದ್ದ ನಮ್ಮ ಪಂಡಿತರಿಗೂ ಹಕೀಮರಿಗೂ ತಾಳ ತಪ್ಪಿದ ನಾಡಿ ಹೊಸದಲ್ಲ. ಆದರೆ ಅದರ ಕಾರಣ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹಾಲೆಂಡಿನ ವಿಲೆಮ್ ಐಂತೋವನ್ ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ನಿರ್ಮಿಸಿದರು. ಅದರ ನೆರವಿನಿಂದ ಲಂಡನ್ನಿನ ಥಾಮಸ್ ಲೂಯಿಸ್, ಹಾಗೂ ವಿಯೆನ್ನಾದ ಇಬ್ಬರು ವೈದ್ಯರು, ಗೊತ್ತುಗುರಿಯಿಲ್ಲದ ನಾಡಿಗೆ ಹೃತ್ಕರ್ಣದ ಕಂಪನವೇ ಕಾರಣವೆಂದು 1909ರಲ್ಲಿ ತೋರಿಸಿದರು. ಅದಕ್ಕೂ ಲಕ್ವಕ್ಕೂ ಇರುವ ನಂಟಿನ ಲೆಕ್ಕ ಸಿಕ್ಕಿದ್ದು ಇನ್ನೂ ತಡವಾಗಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು 1948ರಿಂದ ಬೆನ್ನುಹಿಡಿದು ಪರೀಕ್ಷಿಸಿದ ವೈದ್ಯರು 1978ರಲ್ಲಿ ಪ್ರಕಟಿಸಿದಂತೆ, ಈ ಕಂಪನವುಳ್ಳವರಿಗೆ ಲಕ್ವದ ಸಂಭವ ಐದು ಪಟ್ಟಿಗೂ ಹೆಚ್ಚು. ಕಂಪನದ ಜೊತೆಗೆ ರುಮ್ಯಾಟಿಕ್ ಹೃದ್ರೋಗವೂ ಇದ್ದರೆ ಹದಿನೇಳು ಪಟ್ಟು.

ಈ ಕೊನೆಯ ಮಾತು ನಮಗೆ ಹೆಚ್ಚು ಸಂಬಂಧಿಸಿದ್ದು. ಎಳೆಯ ವಯಸ್ಸಿನಲ್ಲಿ ಗಂಟಲು ನೋವಿನಿಂದ ಆರಂಭವಾಗಿ, ಕೀಲುಗಳು ಊದಿ, ಹೃದಯದ ಕವಾಟಗಳನ್ನು ಕೆಡಿಸುವ ರುಮ್ಯಾಟಿಕ್ ಜ್ವರ ಧನಿಕ ದೇಶಗಳಲ್ಲಿ ಅಪರೂಪವಾಗಿದೆ. ಕಿಕ್ಕಿರಿದ ಮನೆಗಳಲ್ಲಿ ಬಾಳುವ ನಮ್ಮ ಬಡವರನ್ನು ಬಿಟ್ಟಿಲ್ಲ. ಭಾರತದ ಹೃದಯತಜ್ಞರು 24 ಆಸ್ಪತ್ರೆಗಳಲ್ಲಿ 1,500ಕ್ಕೂ ಹೆಚ್ಚು ಮಂದಿ ಇಂಥ ರೋಗಿಗಳ ವಿವರ ಸಂಗ್ರಹಿಸಿ 2017ರಲ್ಲಿ ಪ್ರಕಟಿಸಿದರು. ರೋಗಿಗಳ ಸರಾಸರಿ ವಯಸ್ಸು 55ರ ಆಸುಪಾಸು. ಹತ್ತಿರ ಹತ್ತಿರ ಅರ್ಧ ಮಂದಿಗೆ ರುಮ್ಯಾಟಿಕ್ ಹೃದ್ರೋಗ. ಪಶ್ಚಿಮ ದೇಶಗಳಲ್ಲಿ ಇದು ಎಪ್ಪತ್ತರವರ ಕಾಯಿಲೆ. ನಮ್ಮಲ್ಲಿ ದುಡಿಯುವ ವಯಸ್ಸಿನವರನ್ನೂ, ಮಕ್ಕಳೊಂದಿಗರಾದ ತಾಯಂದಿರನ್ನೂ ಹಿಡಿಯುತ್ತದೆ.

ಈಗ ಮತ್ತೆ ಆ ಖಾನೆಗೆ ಬರೋಣ. ವೈದ್ಯರು ತುಂಬಬೇಕಾದ ಮರಣ ಕಾರಣದ ನಮೂನೆಯಲ್ಲಿ ಸಾಲುಗಳು ಒಂದರ ಕೆಳಗೊಂದು ಇವೆ. ಮೊದಲ ಸಾಲಿನಲ್ಲಿ ತತ್ಕ್ಷಣದ ಕಾರಣ. ಅದಕ್ಕೆ ಏನು ಕಾರಣವೋ ಅದು ಎರಡನೆಯ ಸಾಲಿನಲ್ಲಿ. ಅದಕ್ಕೂ ಮೂಲ ಮೂರನೆಯದರಲ್ಲಿ. ಒಬ್ಬ ಹೆಂಗಸು ಲಕ್ವದಿಂದ ಸತ್ತಳೆನ್ನೋಣ. ಮೆದುಳಿನ ನಾಳಕ್ಕೆ ಹೆಪ್ಪು, ಅದಕ್ಕೆ ಹೃತ್ಕರ್ಣದ ಕಂಪನ, ಅದಕ್ಕೆ ರುಮ್ಯಾಟಿಕ್ ರೋಗದಿಂದ ಕಿರಿದಾದ ಕವಾಟ ಎಂದು ಮೂರು ಸಾಲುಗಳೂ ತುಂಬಿದರೆ ಆಕೆಯ ಕಥೆ ಪೂರ್ತಿಯಾಯಿತು. ಕೊನೆಯ ಸಾಲಿನ ಮೂಲ ಕಾರಣವೇ ರಾಷ್ಟ್ರದ ಲೆಕ್ಕಕ್ಕೆ ಹೋಗುತ್ತದೆ. ಮೊದಲ ಸಾಲಿನಲ್ಲಿ ‘ಹೃದಯ ಸ್ತಂಭನ’ ಎಂದಷ್ಟೇ ಗೀಚಿ ಬಿಟ್ಟರೆ ಯಾವ ಲೆಕ್ಕವೂ ಆಗಲಿಲ್ಲ. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ. ಸಾಯುವ ರೀತಿಯನ್ನು ಬರೆಯಬೇಡಿ, ಕೊಂದ ರೋಗವನ್ನು ಬರೆಯಿರಿ ಎಂಬ ಸೂಚನೆ ನಮೂನೆಯಲ್ಲಿಯೇ ಇದೆ.

ಸ್ವಾತಂತ್ರ್ಯದ ಬಳಿಕ ಈ ಲೆಕ್ಕವನ್ನು ಸರಿಪಡಿಸುವ ಪ್ರಯತ್ನಗಳಲ್ಲಿ ನಮ್ಮ ನಾಡಿಗೆ ದೊಡ್ಡ ಪಾಲುಂಟು. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರಕಾರ ಸೇರಿ ಮೈಸೂರು ಸಂಸ್ಥಾನದಲ್ಲಿ ಜನಸಂಖ್ಯೆಯ ಅಧ್ಯಯನ ನಡೆಸಿ, ಬೆಂಗಳೂರು ನಗರದಲ್ಲಿಯೂ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ವಿಚಾರಿಸಿದವು. ಅದರ ವರದಿ 1961ರಲ್ಲಿ ಬಂತು. ದೇಶಕ್ಕೆಲ್ಲ ಒಂದೇ ಜನನ ಮರಣ ನೋಂದಣಿ ಕಾಯಿದೆ 1969ರಲ್ಲಿ ಆಯಿತು. ಆದರೂ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು 2020ರ ರಾಷ್ಟ್ರೀಯ ವರದಿಯಲ್ಲಿ ಶೇಕಡ 22.5 ಮಾತ್ರ. ಹಾಗೆ ಬರೆದುಕೊಟ್ಟವುಗಳಲ್ಲಿ ಸುಮಾರು ಶೇಕಡ 32 ರಕ್ತಪರಿಚಲನೆಯ ರೋಗಗಳು. ನೂರರಲ್ಲಿ ಎಪ್ಪತ್ತೇಳು ಸಾವುಗಳ ಕಾರಣವನ್ನು ವೈದ್ಯರು ಬರೆಯಲೇ ಇಲ್ಲವೆಂದಾಯಿತು.

ಈ ಕತ್ತಲೆಗೆ ಒಂದು ಹಣತೆ ಹಿಡಿದದ್ದು ‘ಹತ್ತು ಲಕ್ಷ ಸಾವುಗಳ ಅಧ್ಯಯನ’. ಭಾರತದ ರಿಜಿಸ್ಟ್ರಾರ್ ಜನರಲ್ಲರ ಕಚೇರಿ ನಡೆಸಿದ ಈ ಕಾರ್ಯದಲ್ಲಿ ಟೊರಾಂಟೋದ ವಿಜ್ಞಾನಿಗಳೊಂದಿಗೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಕೈಗೂಡಿಸಿತು. ತರಬೇತಾದ ಕಾರ್ಯಕರ್ತರು ಸಾವು ನಡೆದ ಮನೆಗೆ ಹೋಗಿ ಕುಳಿತು, ಕೊನೆಯ ದಿನಗಳಲ್ಲಿ ಏನೇನಾಯಿತೆಂದು ಕೇಳಿ, ಮನೆಯವರ ಮಾತನ್ನು ಅವರವರ ಭಾಷೆಯಲ್ಲಿಯೇ ಬರೆದುಕೊಂಡರು. ಅದನ್ನು ಇಬ್ಬರು ವೈದ್ಯರು ಬೇರೆಬೇರೆಯಾಗಿ ಓದಿ ಕಾರಣ ನಿರ್ಧರಿಸಿದರು. "ಏನಾಗಿತ್ತಂತೆ?" ಎಂಬ ನೆರೆಯವರ ಪ್ರಶ್ನೆಯನ್ನೇ ಇಲ್ಲಿ ಶಾಸ್ತ್ರೀಯವಾಗಿ ಕೇಳಿದ್ದು.

2000ದಿಂದ 2015ರವರೆಗಿನ ಸಾವುಗಳನ್ನು ಹೀಗೆ ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ ಹಲವರಿಗೆ ಅನಿರೀಕ್ಷಿತವಾಗಿತ್ತು. ಹೃದಯಾಘಾತದ ಸಾವು ಏರಿತ್ತು. ಲಕ್ವದಿಂದ ಎಪ್ಪತ್ತರ ಒಳಗೆ ಸಾಯುವ ಸಂಭವ ಒಟ್ಟು ದೇಶದಲ್ಲಿ ಇಳಿದಿತ್ತು. ಆದರೆ ಈಶಾನ್ಯ ದಿಕ್ಕಿನ ರಾಜ್ಯಗಳಲ್ಲಿ ಮಾತ್ರ ಅದು ಏರಿತ್ತು. ಆ ವಯಸ್ಸಿನ ಜನರಲ್ಲಿ ಆರನೆಯ ಒಂದು ಪಾಲಷ್ಟೇ ಇದ್ದ ಆ ರಾಜ್ಯಗಳಲ್ಲಿ ಅಕಾಲ ಲಕ್ವ ಮರಣಗಳ ಮೂರನೆಯ ಒಂದು ಪಾಲು ನಡೆದಿತ್ತು. ಹೃದ್ರೋಗವಿದೆಯೆಂದು ಮೊದಲೇ ಗೊತ್ತಿದ್ದು ಸತ್ತವರಲ್ಲಿ ಕನಿಷ್ಠ ಅರ್ಧ ಮಂದಿ ಕ್ರಮವಾಗಿ ಔಷಧಿ ತೆಗೆದುಕೊಳ್ಳುತ್ತಿರಲಿಲ್ಲ.

ಸಂಭವ ಇಳಿದರೆ ಸಾವಿನ ಸಂಖ್ಯೆಯೂ ಇಳಿಯಬೇಕಲ್ಲವೆ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಜಗತ್ತಿನ ಲೆಕ್ಕವನ್ನೇ ನೋಡಿ. 1990ರಿಂದ 2019ರವರೆಗೆ ಲಕ್ವದ ಸಾವುಗಳ ಸಂಖ್ಯೆ ಶೇಕಡ 43ರಷ್ಟು ಏರಿತು. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೆ ಸಾವಿನ ಪ್ರಮಾಣ ಶೇಕಡ 36ರಷ್ಟು ಇಳಿಯಿತು. ಜನಸಂಖ್ಯೆ ಬೆಳೆದಿದೆ, ಮುದುಕರು ಹೆಚ್ಚಿದ್ದಾರೆ. ಒಬ್ಬೊಬ್ಬರ ಅಪಾಯ ತಗ್ಗಿದರೂ ಆಸ್ಪತ್ರೆಯ ಹಾಸಿಗೆಗಳು ತುಂಬುತ್ತಲೇ ಇವೆ. ಅಪಾಯವನ್ನು ತಗ್ಗಿಸಲು ಸಾಧ್ಯವೆಂಬುದಕ್ಕೆ ಜಪಾನೇ ಸಾಕ್ಷಿ. ಅಲ್ಲಿ 1951ರಿಂದ 1980ರವರೆಗೆ ಎಲ್ಲ ಸಾವುಗಳಿಗೂ ಲಕ್ವವೇ ಮೊದಲ ಕಾರಣವಾಗಿತ್ತು. ಊಟದ ಉಪ್ಪನ್ನು ತಗ್ಗಿಸಿ, ಊರೂರಿನಲ್ಲಿ ರಕ್ತದೊತ್ತಡ ಅಳೆದು ಔಷಧಿ ಕೊಟ್ಟು, ಅವರು ಅದನ್ನು ಆ ಪಟ್ಟದಿಂದ ಇಳಿಸಿದರು.

ಹೃತ್ಕರ್ಣದ ಕಂಪನದ ಲೆಕ್ಕ ಇನ್ನೂ ಸೂಕ್ಷ್ಮ. 2019ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು ಆರು ಕೋಟಿ ಜನಕ್ಕೆ ಇಂಥ ಬಡಿತದ ದೋಷವಿತ್ತು. ಅದನ್ನೇ ಮೂಲ ಕಾರಣವೆಂದು ಎಣಿಸಿದ ಸಾವುಗಳು ಮೂರು ಲಕ್ಷದ ಆಸುಪಾಸು. ಅಪಾಯ ಅಷ್ಟೇ ಎಂದು ಭಾವಿಸಬಾರದು. ಈ ರೋಗ ಬಹುಮಟ್ಟಿಗೆ ಲಕ್ವದ ಹೆಸರಿನಲ್ಲಿಯೇ ಕೊಲ್ಲುತ್ತದೆ. ಈ ಅಂಕಿ ಏರುವುದಕ್ಕೂ ಕಾರಣಗಳು ಹಲವು. ಜನ ಹೆಚ್ಚು ಕಾಲ ಬದುಕುತ್ತಾರೆ. ಹೃದಯದ ಗೆರೆ ತೆಗೆಯುವ ಯಂತ್ರಗಳು ಹೆಚ್ಚಿವೆ. ವೈದ್ಯರು ಅದನ್ನು ನಮೂನೆಯಲ್ಲಿ ಬರೆಯುವುದೂ ಹೆಚ್ಚಿದೆ. ಮೊದಲನೆಯದು ರೋಗದ ಏರಿಕೆ, ಮಿಕ್ಕೆರಡು ನಮ್ಮ ತಿಳಿವಳಿಕೆಯ ಏರಿಕೆ. ಮನೆಯವರನ್ನು ಕೇಳಿ ಕಾರಣ ಕಂಡುಕೊಳ್ಳುವ ಪದ್ಧತಿಯೂ ಇಲ್ಲಿ ಕೈಕೊಡುತ್ತದೆ. ಬಾಯಿ ಸೊಟ್ಟಗಾದದ್ದು, ಬಲಗೈ ಬಿದ್ದುಹೋದದ್ದು, ಮಾತು ತೊದಲಿದ್ದು ಎಲ್ಲವನ್ನೂ ಮಗಳು ಹೇಳಬಲ್ಲಳು. ತಾಯಿಯ ಹೃತ್ಕರ್ಣ ಅದುರುತ್ತಿತ್ತೆಂದು ಆಕೆ ಹೇಗೆ ಹೇಳಿಯಾಳು? ಬದುಕಿದ್ದಾಗ ಯಾರಾದರೂ ನಾಡಿ ನೋಡಿದ್ದರೆ ಮಾತ್ರ ಆ ಸಂಗತಿ ಸತ್ತ ಮೇಲೆ ಲೆಕ್ಕಕ್ಕೆ ಬರುತ್ತದೆ.

ಬೆಂಗಳೂರು ಈ ಕೆಲಸಕ್ಕೆ ಹೆಗಲು ಕೊಟ್ಟ ಊರು. ಇಲ್ಲಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಸಂಸ್ಥೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿನ ವೈದ್ಯರು 1993ರಿಂದ 1995ರವರೆಗೆ ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಭಾಗಗಳ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ಮನೆಬಾಗಿಲಿನಲ್ಲಿ ವಿಚಾರಿಸಿ ನರರೋಗಗಳ ಲೆಕ್ಕ ತೆಗೆದರು. ಮುಂದೆ ನಗರದ ಆಸ್ಪತ್ರೆಗಳಲ್ಲಿ ಲಕ್ವದ ರೋಗಿಗಳನ್ನು ಕ್ರಮವಾಗಿ ದಾಖಲಿಸುವುದು ಸಾಧ್ಯವೇ ಎಂಬುದನ್ನೂ ಪರೀಕ್ಷಿಸಿದರು. ದೇಶದ ನಾನಾ ಕಡೆಗಳಿಂದ ಲಕ್ವದ ರೋಗಿಗಳ ವಿವರವನ್ನು ಒಂದೆಡೆ ಕೂಡಿಸುವ ರಾಷ್ಟ್ರೀಯ ಕೇಂದ್ರ ಇರುವುದು ದೇವನಹಳ್ಳಿಯ ದಾರಿಯಲ್ಲಿ. ದಂಡಿನ ಸಿಪಾಯಿಗಳನ್ನು ಎಣಿಸುವುದರಿಂದ ಆರಂಭವಾದ ಕೆಲಸ ಈಗ ಕಛಾರದ, ಕಟಕದ, ತಿರುನೆಲ್ವೇಲಿಯ ಮನೆಗಳನ್ನೂ ಮುಟ್ಟಿದೆ.

ಇಷ್ಟು ಲೆಕ್ಕದಿಂದ ಮನೆಯಲ್ಲಿ ಕುಳಿತ ನಮಗೇನು ಲಾಭ? ಮೊದಲನೆಯದಾಗಿ, ಹೃತ್ಕರ್ಣದ ಕಂಪನಕ್ಕೆ ಔಷಧಿ ಉಂಟು. ಅಮೆರಿಕದಲ್ಲಿ ಕೆಟ್ಟ ಮೇವು ತಿಂದ ದನಗಳು ರಕ್ತ ಸುರಿದು ಸತ್ತದ್ದರ ಕಾರಣ ಹುಡುಕುತ್ತ ಹೋಗಿ ಸಿಕ್ಕ ವಸ್ತುವಿನಿಂದ ವಾರ್ಫರಿನ್ ಹುಟ್ಟಿತು. 1948ರಲ್ಲಿ ಇಲಿ ಪಾಷಾಣವಾಗಿ ಮಾರಾಟಕ್ಕೆ ಬಂದ ಅದು 1954ರಲ್ಲಿ ಮನುಷ್ಯರ ಔಷಧಿಯಾಯಿತು. ಕಂಪನವುಳ್ಳವರಲ್ಲಿ ಲಕ್ವವನ್ನು ಅದು ಸುಮಾರು ಮೂರನೆಯ ಎರಡು ಪಾಲು ತಪ್ಪಿಸಬಲ್ಲದು. ಪ್ರಮಾಣ ಮೀರಿದರೆ ರಕ್ತಸ್ರಾವದ ಭಯವಿರುವುದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಇತ್ತೀಚೆಗೆ ಆ ಪರೀಕ್ಷೆಯ ತೊಂದರೆಯಿಲ್ಲದ ಹೊಸ ಮಾತ್ರೆಗಳೂ ಬಂದಿವೆ. ಆದರೆ ರುಮ್ಯಾಟಿಕ್ ಹೃದ್ರೋಗವುಳ್ಳವರಿಗೆ ಹಳೆಯ ಔಷಧಿಯೇ ಮೇಲೆಂದು 24 ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು; ನಡುವೆ ನಾವಾಗಿಯೇ ನಿಲ್ಲಿಸಬಾರದು.

ಎರಡನೆಯದಾಗಿ, ಲಕ್ವ ಹೊಡೆದರೆ ಗಳಿಗೆ ಗಳಿಗೆಗೂ ಬೆಲೆಯಿದೆ. ಮುಖ ಒಂದು ಬದಿಗೆ ವಾಲಿದರೆ, ಎತ್ತಿದ ತೋಳು ಕೆಳಗೆ ಜಾರಿದರೆ, ಮಾತು ತೊದಲಿದರೆ, ಅದು ಶುರುವಾದ ಹೊತ್ತನ್ನು ನೋಡಿಟ್ಟುಕೊಂಡು 108ಕ್ಕೆ ಕರೆಮಾಡಬೇಕು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಎಣ್ಣೆ ತಿಕ್ಕುತ್ತ, ಬೆಳಗಾಗಲಿ ಎಂದು ಕಾಯುತ್ತ ಕೂತರೆ ಆ ಹೊತ್ತು ಕಳೆದೇಹೋಗುತ್ತದೆ.

ಮೂರನೆಯದು ಆ ಖಾನೆಯ ವಿಚಾರ. ಸಾವಿನ ದಾಖಲೆಯನ್ನು ಮನೆಯವರಿಗೆ ಕೊಡುವಾಗ ಅದರಲ್ಲಿ ಕಾರಣವನ್ನು ತೋರಿಸಕೂಡದೆಂದು 1969ರ ಕಾಯಿದೆ ಹೇಳಿತ್ತು. ಗುಟ್ಟು ಕಾಪಾಡುವ ಸದುದ್ದೇಶದ ನಿಯಮವದು. ಆದರೆ ತಂದೆ ಸತ್ತದ್ದು ಯಾವ ರೋಗದಿಂದ ಎಂಬುದು ಸರಕಾರಿ ದಫ್ತರದಲ್ಲಿ ಉಳಿದು, ಮಕ್ಕಳ ಕೈಗೆ ಬರುತ್ತಿರಲಿಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆಸ್ಪತ್ರೆಯಲ್ಲಿ ಸಾವು ಸಂಭವಿಸಿದರೆ ಮರಣ ಕಾರಣದ ಪತ್ರವನ್ನು ನೋಂದಣಾಧಿಕಾರಿಗೆ ಕಳಿಸುವುದಲ್ಲದೆ ಅದರ ಪ್ರತಿಯೊಂದನ್ನು ಹತ್ತಿರದ ಬಂಧುವಿಗೂ ಕೊಡಬೇಕು. ಅದಕ್ಕೆ ಶುಲ್ಕವಿಲ್ಲ. ಮನೆಯಲ್ಲಿ ಸತ್ತವರಿಗೆ ವೈದ್ಯರು ಚಿಕಿತ್ಸೆ ಕೊಡುತ್ತಿದ್ದರೆ ಅವರಿಂದಲೂ ಆ ಪತ್ರವನ್ನು ಕೇಳಿ ಪಡೆಯಬಹುದು.

ದುಃಖದ ಗಳಿಗೆಯಲ್ಲಿ ಕಾಗದಪತ್ರದ ಚಿಂತೆ ಯಾರಿಗೂ ಬೇಡವೆನಿಸುವುದು ಸಹಜ. ಆದರೂ ಮನೆಯಲ್ಲಿ ಒಬ್ಬರಾದರೂ ಆ ಪ್ರತಿಯನ್ನು ಕೇಳಿ ಪಡೆದು, ‘ಹೃದಯ ಸ್ತಂಭನ’ ಎಂದಷ್ಟೇ ಇದ್ದರೆ ಅದಕ್ಕೇನು ಕಾರಣವೆಂದು ವಿನಯದಿಂದ ವಿಚಾರಿಸಲಿ. ಹಳೆಯ ಔಷಧಿ ಚೀಟಿಗಳ ಜೊತೆಗೆ ಅದನ್ನು ಜೋಪಾನವಾಗಿಡಲಿ. ಸತ್ತವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಮುಂದಿನ ಬಾರಿ ವೈದ್ಯರಲ್ಲಿಗೆ ಹೋದಾಗ ಆ ಕಾಗದವನ್ನು ತೋರಿಸಲಿ. ರಕ್ತದೊತ್ತಡ ನೋಡಿಸಿಕೊಂಡು ಏಳುವ ಮುನ್ನ ಮಣಿಕಟ್ಟನ್ನೂ ಮುಂದೆ ಚಾಚಿ, ಒಂದು ನಿಮಿಷ ಪೂರ್ತಿ ನಾಡಿ ನೋಡಿರೆಂದು ಕೇಳಲಿ.